ಯಂತ್ರದ ಸಂಧಿಕಾರ್ಯ: ಮೋಟಾರಿನ ಗ್ಯಾಸ್ಕೆಟ್ಟನ್ನು ಕೈಯಿಂದ ಮಾಡುವ ಕ್ರಮ

ಗ್ಯಾಸ್ಕೆಟ್ ಎಂಬ ಮಾತು ಇಂದು ಕನ್ನಡದ ಅಡುಗೆಮನೆಗೆ ಹೊಸದಲ್ಲ. ಕುಕ್ಕರಿನ ಮುಚ್ಚಳದ ಅಂಚಿನಲ್ಲಿ ಕುಳಿತಿರುವ ರಬ್ಬರಿನ ಬಳೆ ಸಡಿಲವಾದರೆ ಸಿಳ್ಳು ಬರುವುದಿಲ್ಲ, ಬೇಳೆ ಬೇಯುವುದಿಲ್ಲ, ಉರಿ ವ್ಯರ್ಥವಾಗುತ್ತದೆ; ಗೃಹಿಣಿಯರು ಯಾವ ಶಾಸ್ತ್ರವನ್ನೂ ಓದದೆ ಇದನ್ನು ಬಲ್ಲರು. ಅದೇ ಹೆಸರಿನ ವಸ್ತು ಮೋಟಾರು ಗಾಡಿಯ ಎಂಜಿನ್ನಿನಲ್ಲಿಯೂ ಹತ್ತಾರು ಕಡೆ ಅಡಗಿ ಕುಳಿತಿದೆಯೆಂಬುದು, ಎಣ್ಣೆ ನೆಲಕ್ಕೆ ತೊಟ್ಟಿಕ್ಕಿದಾಗಲೋ ರೇಡಿಯೇಟರಿನ ನೀರು ಕಾರಣ ತಿಳಿಯದಂತೆ ಇಳಿದಾಗಲೋ ಮಾತ್ರ ಗಾಡಿಯ ಒಡೆಯನ ಗಮನಕ್ಕೆ ಬರುತ್ತದೆ. ಎರಡು ಲೋಹದ ಭಾಗಗಳು ಕೂಡುವೆಡೆಯಲ್ಲಿ ಅವುಗಳ ನಡುವೆ ಇಟ್ಟು ಬಿಗಿಯುವ ಮೆದುವಾದ ಹಾಳೆ ಅಥವಾ ಉಂಗುರವೇ ಗ್ಯಾಸ್ಕೆಟ್. ಗ್ಯಾರೇಜಿನ ಆಡುಮಾತಿನಲ್ಲಿ ಇದಕ್ಕೆ ‘ಪ್ಯಾಕಿಂಗು’ ಎಂದೇ ರೂಢಿ.

ಲೋಹದ ಮುಖವನ್ನು ಎಷ್ಟೇ ನಯವಾಗಿ ಅರೆದಿದ್ದರೂ ಸೂಕ್ಷ್ಮದರ್ಶಕದ ಕೆಳಗೆ ಅದು ಗುಡ್ಡ ಕಣಿವೆಗಳ ನಾಡು. ಅಂಥ ಎರಡು ಮುಖಗಳನ್ನು ಒಂದರ ಮೇಲೊಂದು ಇಟ್ಟಾಗ ಗುಡ್ಡಕ್ಕೆ ಗುಡ್ಡ ತಾಗುತ್ತದೆ. ಕಣಿವೆಗಳು ಬಯಲಾಗಿಯೇ ಉಳಿಯುತ್ತವೆ. ಆ ಕಣಿವೆಗಳ ಸಾಲಿನಲ್ಲಿಯೇ ಎಣ್ಣೆಯೂ ನೀರೂ ಅನಿಲವೂ ದಾರಿ ಕಂಡುಕೊಳ್ಳುತ್ತವೆ. ಇದಲ್ಲದೆ ಎಂಜಿನ್ನು ಕಾದಾಗ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ; ಅಲ್ಯೂಮಿನಿಯಮ್ಮಿನ ಎರಕವು ಬೀಡುಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುವ ಸ್ವಭಾವದ್ದು. ಕಬ್ಬಿಣದ ಮೈಗೆ ಅಲ್ಯೂಮಿನಿಯಮ್ಮಿನ ಮುಚ್ಚಳವನ್ನು ಬಿಗಿದೆಡೆಯಲ್ಲಿ ಪ್ರತಿ ಪಯಣದಲ್ಲಿಯೂ ಕಣ್ಣಿಗೆ ಕಾಣದ ಒಂದು ಜರುಗಾಟ ನಡೆದಿರುತ್ತದೆ. ಈ ಒರಟನ್ನು ತುಂಬಿ, ಈ ಜರುಗಾಟವನ್ನು ಸಹಿಸಿ, ಸಂದನ್ನು ಕಾಯುವುದು ಗ್ಯಾಸ್ಕೆಟ್ಟಿನ ಕೆಲಸ.

ವ್ಯಾಕರಣ ಬಲ್ಲವರಿಗೆ ಇದು ಅಪರಿಚಿತ ಸಂಗತಿಯಲ್ಲ. ‘ಗುರು’ ಎಂಬುದಕ್ಕೆ ‘ಅನ್ನು’ ಸೇರುವಾಗ ಎರಡು ಸ್ವರಗಳು ಎದುರುಬದುರಾಗಿ ನಿಂತು ಉಚ್ಚಾರಣೆಯಲ್ಲಿ ಬಿರುಕು ತೋರುತ್ತದೆ; ನಡುವೆ ವಕಾರವೊಂದು ಬಂದು ‘ಗುರುವನ್ನು’ ಎಂದಾಗುತ್ತದೆ. ‘ಕೈ’ಗೆ ‘ಅನ್ನು’ ಸೇರಿದರೆ ಯಕಾರ ಬಂದು ‘ಕೈಯನ್ನು’ ಎನಿಸುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಪಾಠ ಹೇಳಿದ ಅಧ್ಯಾಪಕರಿಗೆ ಆಗಮದ ವಿಚಾರವನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಆ ವಕಾರ ಹಿಂದಿನ ಪದಕ್ಕೂ ಸೇರಿದುದಲ್ಲ, ಮುಂದಿನ ಪ್ರತ್ಯಯಕ್ಕೂ ಸೇರಿದುದಲ್ಲ. ಅರ್ಥದಲ್ಲಿ ಅದಕ್ಕೆ ಪಾಲಿಲ್ಲ. ಗ್ಯಾಸ್ಕೆಟ್ಟು ಯಂತ್ರದ ಆಗಮ. ಶಕ್ತಿಯ ಉತ್ಪಾದನೆಯಲ್ಲಿ ಅದಕ್ಕೆ ಪಾತ್ರವಿಲ್ಲ. ಆದರೆ ಅದಿಲ್ಲದೆ ಕೂಡಿಕೆ ನಿಲ್ಲದು. ಉಪಮೆ ಇಲ್ಲಿಗೆ ಸಾಕು. ವಕಾರಕ್ಕೆ ದಪ್ಪವಿಲ್ಲ, ಗ್ಯಾಸ್ಕೆಟ್ಟಿಗೆ ಉಂಟು. ತೊಡಕುಗಳಲ್ಲಿ ಅನೇಕವು ಹುಟ್ಟುವುದು ಆ ದಪ್ಪದಿಂದಲೇ.

ಇಂಗ್ಲಿಷಿನಲ್ಲಿ ಈ ಮಾತು ಮೊದಲು ನಾವಿಕರದಾಗಿತ್ತು. ಸುತ್ತಿದ ಹಾಯಿಯನ್ನು ಅಡ್ಡಮರಕ್ಕೆ ಕಟ್ಟುವ ಸಣ್ಣ ಹಗ್ಗಕ್ಕೆ ಹದಿನೇಳನೆಯ ಶತಮಾನದಿಂದಲೂ ಈ ಹೆಸರು ಕಂಡುಬರುತ್ತದೆ. ಹೆಣೆದ ನಾರಿನ ಹುರಿಯನ್ನು ಉಗಿಯಂತ್ರದ ಸಂದುಗಳಲ್ಲಿ ತುರುಕತೊಡಗಿದ ಮೇಲೆ ಹೆಸರೂ ಹಡಗಿನಿಂದ ಯಂತ್ರಕ್ಕೆ ಇಳಿಯಿತು. ೧೭೬೯ರಲ್ಲಿ ಹಕ್ಕುಪತ್ರ ಪಡೆದ ಜೇಮ್ಸ್ ವಾಟ್ ತನ್ನ ಯಂತ್ರದ ಕೊಂತಕ್ಕೆ ಕೊಬ್ಬು ಸವರಿದ ನಾರನ್ನು ಸುತ್ತಿ ಉಗಿಯನ್ನು ತಡೆಯುತ್ತಿದ್ದನು. ಸಿಲಿಂಡರಿನ ಕೊರೆತವೇ ಸೊಟ್ಟಗಿದ್ದಷ್ಟು ಕಾಲ ಎಷ್ಟು ನಾರು ತುರುಕಿದರೂ ಸೋರಿಕೆ ನಿಲ್ಲಲಿಲ್ಲ. ಜಾನ್ ವಿಲ್ಕಿನ್ಸನ್ನನು ೧೭೭೫ರ ವೇಳೆಗೆ ಸಿಲಿಂಡರುಗಳನ್ನು ನೇರವಾಗಿ ಕೊರೆಯುವ ಯಂತ್ರವನ್ನು ಸಿದ್ಧಪಡಿಸಿದ ಮೇಲೆಯೇ ವಾಟನ ಕಲ್ಪನೆ ವ್ಯವಹಾರಕ್ಕೆ ಬಂದಿತು. ಮನೆಯಲ್ಲಿ ಗ್ಯಾಸ್ಕೆಟ್ ಕತ್ತರಿಸಲು ಕುಳಿತವರು ಈ ಹಳೆಯ ಕಥೆಯನ್ನು ನೆನಪಿನಲ್ಲಿಡುವುದು ಒಳ್ಳೆಯದು. ಲೋಹದ ಮುಖ ಸೊಟ್ಟಗಿದ್ದರೆ ಹಾಳೆಯನ್ನು ದಪ್ಪಮಾಡಿ ಅದನ್ನು ಸರಿಪಡಿಸಲಾಗದು.

ಸಂದಿನ ತುಂಡೊಂದು ಕೆಟ್ಟರೆ ಏನಾದೀತೆಂಬುದಕ್ಕೆ ಜಗತ್ತೇ ಕಂಡ ನಿದರ್ಶನವೊಂದಿದೆ. ೧೯೮೬ರ ಜನವರಿ ೨೮ರಂದು ಅಮೆರಿಕದ ಚಾಲೆಂಜರ್ ವ್ಯೋಮನೌಕೆ ಮೇಲೇರಿದ ೭೩ ಸೆಕೆಂಡುಗಳಲ್ಲಿ ಒಡೆದು ಏಳು ಜನ ಪ್ರಾಣ ಕಳೆದುಕೊಂಡರು. ಘನ ಇಂಧನದ ರಾಕೆಟ್ಟಿನ ಎರಡು ತುಂಡುಗಳು ಕೂಡುವೆಡೆಯಲ್ಲಿದ್ದ ರಬ್ಬರಿನ ಉಂಗುರ ಆ ಬೆಳಗಿನ ಚಳಿಗೆ ಬಿರುಸಾಗಿ, ಸಂದು ತುಸು ತೆರೆದಾಗ ಒಡನೆಯೇ ಹಿಗ್ಗಿ ಅದನ್ನು ತುಂಬಲಾರದೆ ಹೋಯಿತು. ವಿಚಾರಣಾ ಆಯೋಗದ ಸದಸ್ಯರಾಗಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅದೇ ರಬ್ಬರಿನ ತುಂಡನ್ನು ಸಣ್ಣ ಇಕ್ಕಳದಲ್ಲಿ ಅದುಮಿ ಮಂಜುಗಡ್ಡೆಯ ನೀರಿನಲ್ಲಿಟ್ಟು, ಹೊರತೆಗೆದು ಸಡಿಲಿಸಿ, ಅದು ಕೂಡಲೆ ಮೊದಲಿನ ಆಕಾರಕ್ಕೆ ಮರಳದುದನ್ನು ಎಲ್ಲರೆದುರು ತೋರಿಸಿದರು. ಕಾರಿನ ಗ್ಯಾಸ್ಕೆಟ್ಟಿನಿಂದ ಅಷ್ಟು ದೊಡ್ಡ ಅನಾಹುತ ಸಂಭವಿಸಲಿಕ್ಕಿಲ್ಲ. ಆದರೂ ಇಂಧನದ ಪಂಪಿನ ಸಂದಿನಿಂದ ಜಿನುಗಿದ ಪೆಟ್ರೋಲು ಕಾದ ಹೊಗೆಕೊಳವೆಯ ಮೇಲೆ ಬಿದ್ದರೆ ಗಾಡಿ ಉರಿದುಹೋಗಲು ಬಹಳ ಹೊತ್ತು ಬೇಕಾಗದು. ನಡುರಾತ್ರಿಯಲ್ಲಿ ಎಣ್ಣೆಯೆಲ್ಲ ಸೋರಿದ ಎಂಜಿನ್ನು ಹಿಡಿದು ನಿಂತರೆ ಅದನ್ನು ಮತ್ತೆ ಎಬ್ಬಿಸುವುದು ಸುಲಭವೂ ಅಲ್ಲ, ಅಗ್ಗವೂ ಅಲ್ಲ.

ಕೊಂಡು ತರುವ ವಸ್ತುವನ್ನು ಮನೆಯಲ್ಲಿ ಮಾಡುವ ಪ್ರಯಾಸವೇಕೆ ಎಂಬ ಪ್ರಶ್ನೆ ಸಹಜ. ಇಂದು ತಯಾರಾಗುತ್ತಿರುವ ಗಾಡಿಗಳ ಮಟ್ಟಿಗೆ ಆ ಪ್ರಶ್ನೆ ನ್ಯಾಯವಾದುದು. ಅವುಗಳಿಗೆ ಕಂಪನಿಯ ಗ್ಯಾಸ್ಕೆಟ್ಟನ್ನೇ ಕೊಳ್ಳತಕ್ಕದ್ದು. ಆದರೆ ಅಂಬಾಸಡರ್ ಕಾರಿನ ತಯಾರಿಕೆ ಉತ್ತರಪಾರಾದ ಕಾರ್ಖಾನೆಯಲ್ಲಿ ೨೦೧೪ರಲ್ಲಿ ನಿಂತಿತು. ಪ್ರೀಮಿಯರ್ ಪದ್ಮಿನಿಯ ತಯಾರಿಕೆ ನಿಂತುದು ಅದಕ್ಕೂ ಎಷ್ಟೋ ಮೊದಲು. ವೈದ್ಯರ, ವಕೀಲರ, ಜಮೀನುದಾರರ ಮನೆಯಂಗಳಗಳಲ್ಲಿಯೂ ಮಠಗಳ ಹೆಬ್ಬಾಗಿಲುಗಳಲ್ಲಿಯೂ ಒಂದು ಕಾಲಕ್ಕೆ ನಿಂತಿರುತ್ತಿದ್ದ ಈ ಗಾಡಿಗಳನ್ನು ಪ್ರೀತಿಯಿಂದ ಉಳಿಸಿಕೊಂಡವರು ಇನ್ನೂ ಇದ್ದಾರೆ. ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಯಲ್ಲಿ ಹುಡುಕಿದರೆ ಕೆಲವು ಗ್ಯಾಸ್ಕೆಟ್ಟುಗಳು ದೊರೆಯುತ್ತವೆ, ಕೆಲವು ದೊರೆಯುವುದಿಲ್ಲ. ದೊರೆತುದು ಹತ್ತಾರು ವರ್ಷ ಕಪಾಟಿನಲ್ಲಿ ಒಣಗಿ ಮುಟ್ಟಿದರೆ ಮುರಿಯುವ ಸ್ಥಿತಿಯಲ್ಲಿರುವುದೂ ಉಂಟು. ಹಾಳೆಯಾದರೆ ಹಾಗಲ್ಲ. ಒಂದು ಹಾಳೆ ತಂದಿಟ್ಟುಕೊಂಡರೆ ಅದರಲ್ಲಿ ಹತ್ತು ಬಗೆಯ ಗ್ಯಾಸ್ಕೆಟ್ಟುಗಳು ಹುದುಗಿವೆ.

ಮೊದಲು ಯಾವುದನ್ನು ಮಾಡಬಾರದೆಂಬುದನ್ನು ಹೇಳಿಬಿಡುವುದು ಯುಕ್ತ. ಸಿಲಿಂಡರಿನ ತಲೆಗೂ ಮೈಗೂ ನಡುವಣ ಗ್ಯಾಸ್ಕೆಟ್ಟು, ಎಂದರೆ ‘ಹೆಡ್ ಗ್ಯಾಸ್ಕೆಟ್’, ಮನೆಯಲ್ಲಿ ಕತ್ತರಿಸುವ ವಸ್ತುವಲ್ಲ. ಒಂದೇ ಹಾಳೆ ಮೂರು ಬೇರೆ ಬೇರೆ ಕೆಲಸಗಳನ್ನು ಅಲ್ಲಿ ಒಟ್ಟಿಗೆ ಮಾಡಬೇಕು: ಉರಿಯುವ ಅನಿಲವನ್ನು ತಡೆಯಬೇಕು, ಒತ್ತಡದ ಎಣ್ಣೆಯನ್ನು ತಡೆಯಬೇಕು, ನೀರನ್ನು ತಡೆಯಬೇಕು, ಇವು ಮೂರೂ ಒಂದರೊಡನೊಂದು ಬೆರೆಯದಂತೆಯೂ ನೋಡಿಕೊಳ್ಳಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ದಹನದ ಕ್ಷಣದ ಒತ್ತಡ ವಾತಾವರಣದ ಒತ್ತಡದ ನಲವತ್ತು ಐವತ್ತು ಪಟ್ಟು ಏರುವುದುಂಟು. ಡೀಸೆಲ್ಲಿನಲ್ಲಿ ಅದಕ್ಕಿಂತಲೂ ಹೆಚ್ಚು. ಜ್ವಾಲೆಯ ಉಷ್ಣತೆ ಎರಡು ಸಾವಿರ ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಸಿಲಿಂಡರಿನ ಬಾಯಿಯ ಸುತ್ತ ಲೋಹದ ಬಳೆ ಕಟ್ಟಿದ ಹಾಳೆಯೋ ಉಕ್ಕಿನ ಹಲವು ಪದರಗಳ ಹಾಳೆಯೋ ಮಾತ್ರ ಇದನ್ನು ತಾಳಬಲ್ಲುದು. ತಾಮ್ರದ ತಗಡನ್ನು ಮಂದಕೆಂಪಿಗೆ ಕಾಯಿಸಿ ಮೆದುಮಾಡಿ ಹೆಡ್ ಗ್ಯಾಸ್ಕೆಟ್ ಕತ್ತರಿಸುವ ಕುಶಲಿಗಳು ಪುರಾತನ ಗಾಡಿಗಳ ಲೋಕದಲ್ಲಿ ಇದ್ದಾರೆಂಬುದು ನಿಜ. ಅದು ಯಂತ್ರಾಗಾರದ ವಿದ್ಯೆ, ಊಟದ ಮೇಜಿನ ಮೇಲೆ ಕತ್ತರಿ ಹಿಡಿದು ಕಲಿಯುವುದಲ್ಲ. ಬ್ರೇಕಿನ ದ್ರವವನ್ನು ತಡೆಯುವ ರಬ್ಬರು ತುಂಡುಗಳನ್ನೂ ಮನೆಯಲ್ಲಿ ಮಾಡುವ ಸಾಹಸ ಬೇಡ. ಮಿಕ್ಕವು, ಎಂದರೆ ಥರ್ಮೋಸ್ಟಾಟಿನ ಮುಚ್ಚಳ, ನೀರಿನ ಪಂಪು, ರಾಕರ್ ಮುಚ್ಚಳ, ಪಕ್ಕದ ಮುಚ್ಚಳಗಳು, ಎಣ್ಣೆಯ ತಟ್ಟೆ ಇವುಗಳ ಗ್ಯಾಸ್ಕೆಟ್ಟುಗಳು ತಾಳ್ಮೆಯುಳ್ಳ ಯಾರಿಗೂ ಸಾಧ್ಯ.

ಹಳೆಯದನ್ನು ತೆಗೆಯುವಲ್ಲಿಯೇ ದೊಡ್ಡ ಅಪಾಯವೊಂದು ಇದೆ. ಕೆಲವು ದಶಕಗಳ ಹಿಂದಿನ ಗ್ಯಾಸ್ಕೆಟ್ಟುಗಳಲ್ಲಿ, ಅದರಲ್ಲಿಯೂ ಬಿಸಿ ತಗಲುವೆಡೆಯವುಗಳಲ್ಲಿ, ಆಸ್‌ಬೆಸ್ಟಾಸ್ ಇರುತ್ತಿತ್ತು. ಕನ್ನಡದಲ್ಲಿ ಇದಕ್ಕೆ ಕಲ್ನಾರು ಎಂಬ ಸೊಗಸಾದ ಹೆಸರಿದೆ. ಕಲ್ಲೂ ಹೌದು, ನಾರೂ ಹೌದು. ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಣ ಶಿಲೆಗಳಲ್ಲಿ ಇದರ ನಿಕ್ಷೇಪಗಳಿವೆ. ಬೆಂಕಿಗೆ ಬೇಯದ, ನೂಲಿನಂತೆ ನೇಯಬಹುದಾದ ಈ ಖನಿಜ ಸಂದು ಮುಚ್ಚುವುದಕ್ಕೆಂದೇ ಸೃಷ್ಟಿಯಾದಂತೆ ಒಂದು ಕಾಲಕ್ಕೆ ತೋರಿತು. ಅದರ ಎಳೆಗಳು ಧೂಳಾಗಿ ಉಸಿರಿನೊಡನೆ ಒಳಹೊಕ್ಕರೆ ಪುಪ್ಪುಸದಿಂದ ಮತ್ತೆ ಹೊರಬರುವುದಿಲ್ಲ. ಶ್ವಾಸಕೋಶ ಗಡುಸಾಗುವ ರೋಗ, ಶ್ವಾಸಕೋಶದ ಕ್ಯಾನ್ಸರ್, ಎದೆಯ ಒಳಪೊರೆಯ ಕ್ಯಾನ್ಸರ್ ಇವು ಅದರ ಫಲಗಳು. ಇಪ್ಪತ್ತು ಮೂವತ್ತು ವರ್ಷಗಳ ನಂತರ, ಕೆಲವೊಮ್ಮೆ ಅದಕ್ಕೂ ತಡವಾಗಿ, ಕಾಣಿಸಿಕೊಳ್ಳುವುದರಿಂದ ಕಾರಣವೇ ಮರೆತುಹೋಗಿರುತ್ತದೆ. ಕಲ್ನಾರಿನ ಉದ್ಯಮದ ಕಾರ್ಮಿಕರ ವಿಷಯದಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯ ೧೯೯೫ರಲ್ಲಿ ತೀರ್ಪಿತ್ತು, ಕಾರ್ಮಿಕನ ಆರೋಗ್ಯವು ಅವನ ಜೀವಿಸುವ ಹಕ್ಕಿನ ಅಂಗವೆಂದು ಹೇಳಿತು. ಆ ತೀರ್ಪು ರಸ್ತೆಬದಿಯ ಗ್ಯಾರೇಜಿನಲ್ಲಿ ಬಾಯಿಯಿಂದ ಧೂಳೂದುತ್ತ ಗ್ಯಾಸ್ಕೆಟ್ ಹೆರೆಯುವ ಹುಡುಗನವರೆಗೆ ತಲಪಿದಂತೆ ಕಾಣುವುದಿಲ್ಲ.

ಆದುದರಿಂದ ಹಳೆಯ ಗಾಡಿಯ ಬೂದುಬಣ್ಣದ ಗಟ್ಟಿ ಗ್ಯಾಸ್ಕೆಟ್ಟು ಕಂಡಲ್ಲಿ ಅದರಲ್ಲಿ ಕಲ್ನಾರು ಇದೆಯೆಂದೇ ಭಾವಿಸಿ ನಡೆಯುವುದು ಕ್ಷೇಮ. ಒಣಗಿದ್ದಾಗ ಹೆರೆಯಬಾರದು, ತಿರುಗುವ ತಂತಿಯ ಕುಂಚವನ್ನು ತಾಗಿಸಬಾರದು, ಗಾಳಿಯ ಕೊಳವೆಯಿಂದ ಊದಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು. ಸಾಬೂನು ಬೆರೆಸಿದ ನೀರನ್ನು ಚೆನ್ನಾಗಿ ನೆನೆಯುವಂತೆ ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಒದ್ದೆಯಾಗಿರುವಾಗಲೇ ಮೆಲ್ಲನೆ ಎಬ್ಬಿಸಿ, ಚೂರುಗಳನ್ನೂ ಒರೆಸಿದ ಬಟ್ಟೆಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಬಿಡಬೇಕು. ಮೂಗಿಗೆ ಕಟ್ಟಿದ ಕರವಸ್ತ್ರ ಈ ಎಳೆಗಳನ್ನು ತಡೆಯದು. ಸೂಕ್ಷ್ಮ ಧೂಳಿಗೆಂದೇ ಮಾಡಿದ ಮುಖವಾಡ ಬೇಕು. ಕೂಡಿಸದೆ ಉಳಿದ ಚೂರಿಗಾಗಿ ಉಳಿ ಹಿಡಿಯುವ ಮುನ್ನ ಹಿತ್ತಾಳೆಯ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಹೆರೆಗತ್ತಿಯನ್ನು ಪ್ರಯತ್ನಿಸಬೇಕು, ಏಕೆಂದರೆ ಅಲ್ಯೂಮಿನಿಯಮ್ಮಿನ ಮುಖದ ಮೇಲೆ ಉಕ್ಕಿನ ಉಳಿ ಎಳೆದ ಒಂದೊಂದು ಗೀರೂ ಸೋರಿಕೆಗೆ ತೋಡಿದ ಕಾಲುವೆ.

ಇನ್ನು ಹಾಳೆಯ ವಿಚಾರ. ನೀರಿಗೂ ಎಣ್ಣೆಗೂ ತಾಳುವಂತೆ ಸಂಸ್ಕರಿಸಿದ ಗ್ಯಾಸ್ಕೆಟ್ ಕಾಗದ ಬೇರೆ ಬೇರೆ ದಪ್ಪಗಳಲ್ಲಿ ಮಾರಾಟಕ್ಕಿದೆ, ೦.೨೫, ೦.೫, ೦.೮ ಮಿಲಿಮೀಟರುಗಳು ಸಾಮಾನ್ಯ. ಯಂತ್ರದಲ್ಲಿ ನಯಗೊಳಿಸಿದ ಎರಡು ಗಟ್ಟಿ ಮುಖಗಳ ನಡುವೆ ಇದು ಉಚಿತ. ತಗಡನ್ನು ಅಚ್ಚೊತ್ತಿ ಮಾಡಿದ ಮುಚ್ಚಳಗಳು ಸುಲಭವಾಗಿ ಬಾಗುವುದರಿಂದ ಅಲ್ಲಿ ಕಾಗದ ಸಾಲದು, ಕಾರ್ಕಿನ ಹಾಳೆ ಬೇಕು. ಕಾರ್ಕ್ ಎಂಬುದು ಪೋರ್ಚುಗಲ್, ಸ್ಪೇನ್ ಮುಂತಾದೆಡೆ ಬೆಳೆಯುವ ಒಂದು ಜಾತಿಯ ಓಕ್ ಮರದ ತೊಗಟೆ; ಪೋರ್ಚುಗಲ್ಲಿನಲ್ಲಿ ಒಂಬತ್ತು ವರ್ಷಕ್ಕೊಮ್ಮೆ ಮರವನ್ನು ಕಡಿಯದೆಯೇ ತೊಗಟೆ ಸುಲಿಯುವ ಪದ್ಧತಿಯುಂಟು. ಕನ್ನಡಿಗರು ಬೆಂಡು ಎನ್ನುವ ಜಾತಿಯ ಹಗುರವಾದ ಈ ವಸ್ತುವಿಗೆ ವಿಚಿತ್ರವಾದ ಗುಣವೊಂದಿದೆ. ಮೇಲಿನಿಂದ ಅದುಮಿದರೆ ಅದು ಪಕ್ಕಕ್ಕೆ ಉಬ್ಬುವುದಿಲ್ಲ. ಒಳಗಿನ ಗಾಳಿಯ ಗೂಡುಗಳು ಕುಗ್ಗಿ ತನ್ನಲ್ಲೇ ಅಡಗುತ್ತದೆ. ರಬ್ಬರು ಇದಕ್ಕೆ ವಿರುದ್ಧ. ರಬ್ಬರಿನ ಗಾತ್ರ ಕುಗ್ಗದು. ಮೇಲಿಂದ ಅದುಮಿದಷ್ಟೂ ಅದು ಪಕ್ಕಕ್ಕೆ ಹರಿಯಬೇಕು. ಹರಿಯಲು ಎಡೆಯಿಲ್ಲದಿದ್ದರೆ ಮುಚ್ಚಳವನ್ನೇ ಬಾಗಿಸುತ್ತದೆ, ಎಡೆಯಿದ್ದರೆ ಬೋಲ್ಟಿನ ಬಳಿ ಹೊರಚಾಚಿ ಸೀಳುತ್ತದೆ. ಸೋರುತ್ತಿದೆಯೆಂದು ಇನ್ನೂ ಬಿಗಿದವರು ಸೋರಿಕೆಯನ್ನು ಹೆಚ್ಚಿಸಿಕೊಳ್ಳುವುದು ಹೀಗೆ.

ರಬ್ಬರೆಂದ ಕೂಡಲೆ ಸೈಕಲ್ಲಿನ ಹಳೆಯ ಟ್ಯೂಬು ನೆನಪಾಗುವುದು ನಾಡಿನ ಸ್ವಭಾವ. ಬಾವಿಯ ಪಂಪಿನ ಕೊಳವೆಗೆ ಅದು ಒದಗೀತು, ಎಂಜಿನ್ನಿಗೆ ಸಲ್ಲದು. ಟ್ಯೂಬಿನ ರಬ್ಬರು ಎಣ್ಣೆ ಪೆಟ್ರೋಲುಗಳಲ್ಲಿ ಊದಿಕೊಂಡು ಅಂಟಾಗಿ ಹೋಗುತ್ತದೆ. ಎಣ್ಣೆಯೆಡೆಗೆ ನೈಟ್ರೈಲ್ ಜಾತಿಯ ಕೃತಕ ರಬ್ಬರಿನ ಹಾಳೆಯನ್ನು ಕೇಳಿ ಪಡೆಯಬೇಕು. ದಾರಿಯ ನಡುವೆ ಏನೂ ಸಿಗದಾಗ ದಪ್ಪ ರಟ್ಟು, ನೋಟುಪುಸ್ತಕದ ಹೊದಿಕೆ, ಮದುವೆಯ ಆಮಂತ್ರಣ ಪತ್ರಿಕೆ ಇವನ್ನು ಎಣ್ಣೆಯಲ್ಲಿ ನೆನೆಸಿ ಎಣ್ಣೆಯ ಸಂದಿಗೆ ಬಳಸಿ ಊರು ಸೇರಿದವರಿದ್ದಾರೆ. ಮುಹೂರ್ತ ಕಳೆದ ಆಮಂತ್ರಣ ಪತ್ರಿಕೆಗೆ ಇದಕ್ಕಿಂತ ಸದ್ಗತಿ ಬೇರಿಲ್ಲ. ನೀರಿನ ಸಂದಿನಲ್ಲಿ ಬರಿಯ ರಟ್ಟು ಬೇಗನೆ ಮೆತ್ತಗಾಗುವುದರಿಂದ ಅಲ್ಲಿ ಅದು ಮನೆ ಮುಟ್ಟುವವರೆಗಿನ ಉಪಾಯವಷ್ಟೆ.

ಕತ್ತರಿಸುವ ಕ್ರಮಕ್ಕೆ ಅಂಬಾಸಡರಿನ ಹಳೆಯ ೧೪೮೯ ಘನ ಸೆಂಟಿಮೀಟರಿನ ಪೆಟ್ರೋಲ್ ಎಂಜಿನ್ನಿನ ಥರ್ಮೋಸ್ಟಾಟ್ ಮುಚ್ಚಳ ಒಳ್ಳೆಯ ಮೊದಲ ಪಾಠ. ಸಿಲಿಂಡರ್ ತಲೆಯ ಮುಂಭಾಗದಲ್ಲಿರುವ ಈ ಪುಟ್ಟ ಮುಚ್ಚಳವನ್ನು ಮೂರು ಸ್ಟಡ್ಡುಗಳು ಹಿಡಿದಿರುತ್ತವೆ. ಎಂಜಿನ್ನು ಪೂರ್ತಿ ಆರಿದ ಮೇಲೆ, ನೀರನ್ನು ಇಳಿಸಿ, ಮುಚ್ಚಳವನ್ನು ತೆಗೆದು ಎರಡೂ ಮುಖಗಳನ್ನು ಶುದ್ಧಗೊಳಿಸಬೇಕು. ಹಳೆಯ ಗ್ಯಾಸ್ಕೆಟ್ಟು ಇಡಿಯಾಗಿ ಬಂದರೆ ಅದೇ ಮಾದರಿ; ಹಾಳೆಯ ಮೇಲಿಟ್ಟು ಚೂಪು ಪೆನ್ಸಿಲಿನಿಂದ ಗೆರೆ ಎಳೆದರಾಯಿತು. ಚೂರುಚೂರಾಗಿ ಬಂದರೆ ಲೋಹದಿಂದಲೇ ಅಚ್ಚು ತೆಗೆಯಬೇಕು. ಶಾಸನ ಸಂಶೋಧಕರು ಒದ್ದೆ ಕಾಗದವನ್ನು ಕಲ್ಲಿಗೆ ಹೊದಿಸಿ, ಕುಂಚದಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯುವುದನ್ನು ಕಂಡವರಿಗೆ ಈ ವಿಧಾನ ತಾನಾಗಿ ಹೊಳೆಯುತ್ತದೆ. ತೆಳು ಕಾಗದವನ್ನು ಮುಚ್ಚಳದ ಮುಖದ ಮೇಲೆ ಜರುಗದಂತೆ ಹಿಡಿದು ಪೆನ್ಸಿಲಿನ ಮೊನೆಯನ್ನು ಓರೆಯಾಗಿಟ್ಟು ಉಜ್ಜಿದರೆ ಅಂಚುಗಳೆಲ್ಲ ಕಪ್ಪಾಗಿ ಮೂಡುತ್ತವೆ. ಮುಖಕ್ಕೆ ಗ್ರೀಸನ್ನು ತೆಳುವಾಗಿ ಸವರಿ ಗ್ಯಾಸ್ಕೆಟ್ ಕಾಗದವನ್ನೇ ಒತ್ತಿದರೂ ಆದೀತು. ಹಳೆಯ ಮೇಸ್ತ್ರಿಗಳು ಕಾಗದವನ್ನು ನೇರವಾಗಿ ಲೋಹದ ಮೇಲಿಟ್ಟು ಗುಂಡುತಲೆಯ ಸುತ್ತಿಗೆಯಿಂದ ಅಂಚಿನುದ್ದಕ್ಕೂ ತಟ್ಟಿ, ಲೋಹದ ಅಂಚನ್ನೇ ಕತ್ತಿಯಾಗಿ ಬಳಸಿ ಕ್ಷಣದಲ್ಲಿ ಕತ್ತರಿಸುತ್ತಾರೆ. ನೋಡಲು ಅದು ತಬಲದ ಬೋಲಿನಂತೆ ಸೊಗಸು. ಬೀಡುಕಬ್ಬಿಣಕ್ಕೆ ಅದು ನಡೆದೀತು. ಮೆದುವಾದ ಅಲ್ಯೂಮಿನಿಯಮ್ಮಿನ ಅಂಚನ್ನು ಅದು ಮೊಂಡುಮಾಡುವುದರಿಂದ ಹೊಸಬರು ಆ ದಾರಿ ಹಿಡಿಯದಿರುವುದು ಲೇಸು.

ಗೆರೆ ಮೂಡಿದ ಮೇಲೆ ಮೊದಲು ಸ್ಟಡ್ಡಿನ ತೂತುಗಳು, ಆಮೇಲೆ ನಡುವಿನ ದೊಡ್ಡ ಬಾಯಿ, ಕಟ್ಟಕಡೆಗೆ ಹೊರಗಿನ ಅಂಚು. ಈ ಅನುಕ್ರಮವನ್ನು ತಪ್ಪಿಸಬಾರದು. ಹೊರಗನ್ನು ಮೊದಲು ಕತ್ತರಿಸಿದರೆ ಉಳಿಯುವ ಕಿರಿದಾದ ಪಟ್ಟಿ ತೂತು ಕೊರೆಯುವಾಗ ಹರಿದುಹೋಗುತ್ತದೆ. ತೂತಿಗೆ ಟೊಳ್ಳು ಪಂಚು ಉತ್ತಮ. ಮರದ ಕೊರಡಿನ ಅಡ್ಡಗೊಯ್ದ ಮುಖದ ಮೇಲೆ ಹಾಳೆಯನ್ನಿಟ್ಟು ಒಂದೇ ಏಟಿಗೆ ಕಡಿಯಬೇಕು. ಪಂಚು ಇಲ್ಲದವರು ತಕ್ಕ ಅಳತೆಯ ಉಕ್ಕಿನ ಕೊಳವೆಯ ಬಾಯಿಯನ್ನು ಹೊರಗಿನಿಂದ ಅರದಲ್ಲಿ ಹದಮಾಡಿಕೊಳ್ಳಬಹುದು. ಕತ್ತರಿಯ ತುದಿಯಿಂದ ತಿರುವಿ ಮಾಡಿದ ತೂತಿನ ಅಂಚು ಹಲ್ಲುಹಲ್ಲಾಗಿದ್ದು, ಸೀಳು ಅಲ್ಲಿಂದಲೇ ಹೊರಡುತ್ತದೆ. ತೂತು ಬೋಲ್ಟಿಗಿಂತ ಕೂದಲೆಳೆಯಷ್ಟು ದೊಡ್ಡದಿರಬೇಕು. ಬೋಲ್ಟಿನ ಎಳೆಗೆ ಸಿಕ್ಕಿಕೊಂಡ ಹಾಳೆ ಬಿಗಿಯುವಾಗ ಸುಕ್ಕಾಗುತ್ತದೆ. ನಡುವಿನ ಬಾಯಿಯೂ ಲೋಹದ ದಾರಿಗಿಂತ ಕಿರಿದಾಗಬಾರದು. ಒಳಚಾಚಿದ ಕಾಗದದ ನಾಲಗೆ ಎಂದಾದರೊಂದು ದಿನ ಕಳಚಿ ನೀರಿನೊಡನೆಯೋ ಎಣ್ಣೆಯೊಡನೆಯೋ ಹರಿದು ಬೇರೆಲ್ಲೋ ದಾರಿ ಕಟ್ಟುತ್ತದೆ.

ಈ ಕೆಲಸದಲ್ಲಿ ಎಂಜಿನ್ನನ್ನೇ ಕೊಲ್ಲಬಲ್ಲ ಪ್ರಮಾದವೆಂದರೆ ಮರೆತ ತೂತು. ಬೋಲ್ಟಿನ ತೂತು ಮರೆತರೆ ಬೋಲ್ಟು ಹೋಗದೆ ಕೂಡಲೆ ತಿಳಿಯುತ್ತದೆ. ಬೆರಳ ತುದಿಗಿಂತ ಚಿಕ್ಕದಾದ ಎಣ್ಣೆಯ ತೂತನ್ನು ಮರೆತರೆ ಎಲ್ಲವೂ ಚೆನ್ನಾಗಿ ಕೂಡುತ್ತದೆ, ಒಂದು ಹನಿಯೂ ಸೋರುವುದಿಲ್ಲ, ಗಾಡಿಯೂ ಹೊರಡುತ್ತದೆ. ಎಣ್ಣೆ ಕಾಣದ ಭಾಗವು ಒಳಗೇ ಸವೆದು ಸುಟ್ಟುಹೋಗುತ್ತದೆ. ಆದಕಾರಣ ಹಳೆಯದರ ತೂತುಗಳನ್ನೂ ಹೊಸದರ ತೂತುಗಳನ್ನೂ ಎರಡು ಬಾರಿ ಎಣಿಸತಕ್ಕದ್ದು. ಇದರ ಪ್ರತಿರೂಪವಾದ ಇನ್ನೊಂದು ಸೂಕ್ಷ್ಮವೂ ಉಂಟು. ಲೋಹದಲ್ಲಿ ತೂತಿದ್ದರೂ ಗ್ಯಾಸ್ಕೆಟ್ಟಿನಲ್ಲಿ ಬೇಕೆಂದೇ ಮುಚ್ಚಿರುವ ಅಥವಾ ಕಿರಿದುಮಾಡಿರುವ ಸ್ಥಳಗಳು ಕೆಲವು ಎಂಜಿನ್ನುಗಳಲ್ಲಿವೆ. ನೀರು ಎತ್ತ ಹೆಚ್ಚು ಹರಿಯಬೇಕೆಂಬುದನ್ನು ಅವು ನಿಯಮಿಸುತ್ತವೆ. ಲೋಹವನ್ನು ಮಾತ್ರ ನೋಡಿ ಕತ್ತರಿಸಿದವರು ಅವನ್ನೆಲ್ಲ ತೆರೆದುಬಿಡುತ್ತಾರೆ. ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಹೊಸದು ಕುಳಿತು ಗಾಡಿ ಓಡುವವರೆಗೆ ಎಸೆಯಬಾರದೆಂಬುದು ಇದಕ್ಕಾಗಿಯೇ.

ದಪ್ಪದ ಮಾತು ಮೇಲೆ ಬಂದಿತ್ತು. ನೀರಿನ ಮುಚ್ಚಳದಲ್ಲಿ ಕಾಲು ಮಿಲಿಮೀಟರಿನ ವ್ಯತ್ಯಾಸ ಲೆಕ್ಕಕ್ಕಿಲ್ಲ. ಎಂಜಿನ್ನಿನಿಂದ ನಡೆಯುವ ಇಂಧನದ ಪಂಪಿನಲ್ಲಿ ಹಾಗಲ್ಲ. ಅದರ ತೋಳು ಕ್ಯಾಮ್ ದಂಡದ ಉಬ್ಬಿಗೆ ತಾಗಿ ಆಡುತ್ತದೆ. ಗ್ಯಾಸ್ಕೆಟ್ಟು ದಪ್ಪವಾದರೆ ಪಂಪು ದೂರ ಸರಿದು ತೋಳಿನ ಆಟ ಕಡಿಮೆಯಾಗಿ ಪೆಟ್ರೋಲು ಸಾಲದೆ ಬರುತ್ತದೆ. ತೆಳುವಾದರೆ ತೋಳಿಗೆ ಅತಿಶ್ರಮ. ಎಣ್ಣೆಯ ಪಂಪಿನ ಮುಚ್ಚಳದಲ್ಲಿ ಹಾಳೆ ದಪ್ಪವಾದರೆ ಒಳಗಿನ ಹಲ್ಲುಚಕ್ರಗಳ ಪಕ್ಕದಲ್ಲಿ ಎಡೆ ಹೆಚ್ಚಿ ಎಣ್ಣೆಯ ಒತ್ತಡ ಇಳಿಯುತ್ತದೆ. ಇಂಥ ಕಡೆ ಹಳೆಯದನ್ನು ಮೈಕ್ರೋಮೀಟರಿನಲ್ಲಿ ಅಳೆದೇ ಹಾಳೆ ಆರಿಸಬೇಕು. ಹಳೆಯದು ಅದುಮಿ ತೆಳುವಾಗಿರುವುದೆಂಬುದನ್ನು ಮರೆಯದೆ, ಬಿಗಿತಕ್ಕೆ ಸಿಕ್ಕದ ಅಂಚಿನಲ್ಲಿಯೂ ಅಳೆಯಬೇಕು. ಕಾರ್ಬುರೇಟರಿನ ಅಡಿಯ ಗ್ಯಾಸ್ಕೆಟ್ಟಿನಲ್ಲಿ ತೊಡಕು ಬೇರೆ ಬಗೆಯದು. ಅಲ್ಲಿ ಒಳಗಿನದು ಹೊರಗೆ ಸೋರುವುದಿಲ್ಲ, ಹೊರಗಿನ ಗಾಳಿ ಕಳ್ಳದಾರಿಯಿಂದ ಒಳಹೊಗುತ್ತದೆ. ಎಂಜಿನ್ನು ನಿಂತಲ್ಲಿ ತಡವರಿಸುತ್ತದೆ, ಮಿಶ್ರಣ ತೆಳುವಾಗಿ ಕಾವೇರುತ್ತದೆ.

ರಾಕರ್ ಮುಚ್ಚಳಕ್ಕೆ ಸುಮಾರು ಮೂರು ಮಿಲಿಮೀಟರ್ ದಪ್ಪದ ಕಾರ್ಕು ಹೊಂದುತ್ತದೆ. ಅಂಬಾಸಡರಿನ ಆ ಎಂಜಿನ್ನಿನಲ್ಲಿ ಉದ್ದನೆಯ ತಗಡಿನ ಮುಚ್ಚಳವನ್ನು ಎರಡೇ ನಟ್ಟುಗಳು ಹಿಡಿದಿರುವುದರಿಂದ ಅತಿಬಿಗಿತದ ಆಸೆ ಹೆಚ್ಚು, ಅಪಾಯವೂ ಹೆಚ್ಚು. ಪಕ್ಕದಲ್ಲಿ ಟ್ಯಾಪೆಟ್ಟುಗಳ ಗೂಡಿಗೆ ಹಾಕಿದ ತಗಡಿನ ಮುಚ್ಚಳಗಳಿಗೂ ಇದೇ ಮಾತು ಸಲ್ಲುತ್ತದೆ. ಹಿಂದಿನವರ ಬಲಪ್ರಯೋಗದಿಂದ ಬೋಲ್ಟಿನ ತೂತಿನ ಸುತ್ತ ತಗಡು ತಗ್ಗಾಗಿರುತ್ತದೆ. ಗಟ್ಟಿಯಾದ ಸಮತಲದ ಮೇಲಿಟ್ಟು ಹಿಂದಿನಿಂದ ಮೆಲ್ಲನೆ ತಟ್ಟಿ ಅದನ್ನು ಸಮ ಮಾಡದೆ ಎಷ್ಟು ಹೊಸ ಕಾರ್ಕು ಹಾಕಿದರೂ ಪ್ರಯೋಜನವಿಲ್ಲ. ಕಪಾಟಿನಲ್ಲಿ ಒಣಗಿ ಕುಗ್ಗಿದ ಕಾರ್ಕಿನ ಗ್ಯಾಸ್ಕೆಟ್ಟಾದರೆ ಕೆಲವು ಹೊತ್ತು ನೀರಿನಲ್ಲಿ ನೆನೆಸಿದಾಗ ಮತ್ತೆ ಅಳತೆಗೆ ಬರುವುದುಂಟು. ಕಾರ್ಕನ್ನು ಮುಚ್ಚಳದ ಬದಿಗೆ ಮಾತ್ರ ಅಂಟಿಸಿ, ಎಂಜಿನ್ನಿನ ಬದಿಗೆ ಗ್ರೀಸು ಸವರಿಟ್ಟರೆ ಮುಂದಿನ ಬಾರಿ ಬಿಚ್ಚುವಾಗ ಹರಿಯದೆ ಎದ್ದುಬರುತ್ತದೆ.

ಅಂಟಿನ ವಿಷಯದಲ್ಲಿ ಮಿತವೇ ಹಿತ. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಗ್ಯಾಸ್ಕೆಟ್ಟಿಗೆ ಬಳಿಯುವ ಪದ್ಧತಿ ಹಳೆಯದು. ಪಾಂಡವರನ್ನು ಸುಡಲು ಮನೆ ಕಟ್ಟಿದ ಅದೇ ಅರಗು. ಇತ್ತೀಚೆಗೆ ಕೊಳವೆಗಳಲ್ಲಿ ಬರುವ ಸಿಲಿಕೋನ್ ಅಂಟು ಎಲ್ಲೆಡೆ ಪ್ರಚಾರದಲ್ಲಿದೆ. ನೀರಿಗೂ ಎಣ್ಣೆಗೂ ಅದಕ್ಕೆ ತಕ್ಕ ಜಾತಿಗಳಿವೆ. ಪೆಟ್ರೋಲಿಗೆ ಮಾತ್ರ ಅದು ಆಗದು, ಮೆತ್ತಗಾಗಿ ಕಿತ್ತುಬರುತ್ತದೆ. ದಪ್ಪವಾಗಿ ಮೆತ್ತಿದವರ ಎಂಜಿನ್ನಿನಲ್ಲಿ ಹೊರಗೆ ಉಕ್ಕಿ ಕಾಣುವಷ್ಟೇ ಅಂಟು ಒಳಗೂ ಉಕ್ಕಿರುತ್ತದೆಂಬುದನ್ನು ನೆನೆಯಬೇಕು. ಆ ಹುಳುಗಳು ಕಳಚಿ ಎಣ್ಣೆಯ ಜಾಲರಿಯನ್ನು ಸೇರುತ್ತವೆ. ಪೆಟ್ರೋಲಿನ ಸಂದುಗಳಿಗೆ ಈಗ ಇನ್ನೊಂದು ಎಚ್ಚರ ಸೇರಿದೆ. ೨೦೨೩ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಮಾರಂಭದಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ದೊರೆಯಿತು. ಹಳೆಯ ಗಾಡಿಗಳ ರಬ್ಬರು ತುಂಡುಗಳು ಮದ್ಯಸಾರಕ್ಕಾಗಿ ಮಾಡಿದವಲ್ಲ; ಕೆಲವು ಊದುತ್ತವೆ, ಕೆಲವು ಬಿರುಸಾಗಿ ಒಡೆಯುತ್ತವೆ. ಇಂಧನದ ಪಂಪಿಗೂ ಕಾರ್ಬುರೇಟರಿಗೂ ಹಾಳೆ ಕೊಳ್ಳುವಾಗ ಎಥನಾಲ್ ಬೆರೆತ ಪೆಟ್ರೋಲಿಗೆ ತಾಳುವುದೆಂದು ಸ್ಪಷ್ಟವಾಗಿ ಬರೆದಿರುವುದನ್ನೇ ಕೇಳಬೇಕು.

ಬಿಗಿಯುವಾಗ ಎಲ್ಲ ಬೋಲ್ಟುಗಳನ್ನೂ ಮೊದಲು ಬೆರಳಿನಿಂದ ಕೂಡಿಸಿ, ನಡುವಿನಿಂದ ಅಂಚಿಗೆ, ಎದುರುಬದುರಾಗಿ, ಎರಡು ಮೂರು ಸುತ್ತುಗಳಲ್ಲಿ ಬಿಗಿಯಬೇಕು. ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಮುಚ್ಚಳ ಓರೆಯಾಗಿ ಕೂಡುತ್ತದೆ, ಅಲ್ಯೂಮಿನಿಯಮ್ಮಿನ ಕಿವಿ ಮುರಿಯುವುದೂ ಉಂಟು. ಉದ್ದನೆಯ ಪಾನಾ ಇಂಥ ಕೆಲಸಕ್ಕೆ ಬೇಡ. ನೀರು ತುಂಬಿ, ಎಂಜಿನ್ನನ್ನು ನಡೆಸಿ, ಚೆನ್ನಾಗಿ ಕಾಯಿಸಿ, ಸಂದಿನ ಸುತ್ತ ಒಣ ಕಾಗದವನ್ನು ತಾಗಿಸಿ ನೋಡಿದರೆ ಸಣ್ಣ ಜಿನುಗೂ ಕಲೆಯಾಗಿ ಕಾಣುತ್ತದೆ. ತಿರುಗುವ ಬೀಸಣಿಗೆಯಿಂದಲೂ ಪಟ್ಟಿಯಿಂದಲೂ ಕೈಯನ್ನು ದೂರವಿಡಬೇಕು. ಮತ್ತೆ ಪೂರ್ತಿ ಆರಿದ ಮೇಲೆ ಕಾಗದವೂ ಕಾರ್ಕೂ ಸ್ವಲ್ಪ ಕುಳಿತಿರುವುದರಿಂದ ನಟ್ಟುಗಳನ್ನು ಇನ್ನೊಮ್ಮೆ ಮುಟ್ಟಿ ನೋಡಬೇಕು. ಕೆಲವು ದಿನಗಳ ಓಡಾಟದ ಬಳಿಕ ಮತ್ತೊಮ್ಮೆ. ಸರಿಯಾಗಿ ಕುಳಿತ ಗ್ಯಾಸ್ಕೆಟ್ಟಿನ ಆಕಾರವನ್ನು ರಟ್ಟಿನ ಮೇಲೆ ಬರೆದು, ಗಾಡಿಯ ಹೆಸರು, ಭಾಗದ ಹೆಸರು, ಹಾಳೆಯ ಜಾತಿ ಮತ್ತು ದಪ್ಪ, ತೂತುಗಳ ಸಂಖ್ಯೆ, ಹಾಕಿದ ದಿನ ಇಷ್ಟನ್ನು ಗುರುತುಹಾಕಿ ಗಾಡಿಯ ಕಾಗದಪತ್ರಗಳೊಡನೆ ಇಟ್ಟರೆ ಮುಂದೆ ಅದನ್ನು ಬಿಚ್ಚುವವರು ಯಾರೇ ಆಗಿರಲಿ, ಅರ್ಧ ದಿನದ ಶ್ರಮ ಉಳಿಯುತ್ತದೆ.